ಬೆಂಡಿನಂಥ ವಿಮಾನಕ್ಕೆ ಇಂಜಿನು ಕೂರಿಸಿದ ಬಗೆ

ಕಳೆದ ಪುಷ್ಯಮಾಸದ ಒಂದು ಬೆಳಗು. ಸೇಡಂದಿಂದ ಮಳಖೇಡದ ಕಡೆಗೆ ಹೋಗುವ ದಾರಿಯ ಬದಿಯಲ್ಲಿ ತೊಗರಿ ಕೊಯ್ದು ಬಯಲಾದ ಹೊಲವೊಂದರ ಅಂಚಿಗೆ ನಾವು ಹತ್ತು ಹನ್ನೆರಡು ಮಂದಿ ನಿಂತಿದ್ದೆವು. ನನ್ನ ತಂಗಿಯ ಮೊಮ್ಮಗ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಎಂಟು ತಿಂಗಳ ಕಾಲ ತನ್ನ ಕೈಯಾರೆ ಕಟ್ಟಿದ ವಿಮಾನವನ್ನು ಅಂದು ಹಾರಿಸುವವನಿದ್ದ. ರೆಕ್ಕೆಯ ತುದಿಯಿಂದ ತುದಿಗೆ ಒಂದೂವರೆ ಮೀಟರು ಉದ್ದ, ಒಟ್ಟು ತೂಕ ಸುಮಾರು ಎರಡೂವರೆ ಕಿಲೋ. ಮೂತಿಯಲ್ಲಿ 6.5 ಸಿ.ಸಿ. ಅಳತೆಯ ಪುಟ್ಟ ಇಂಜಿನು. ಅದು ಹೊತ್ತಿಕೊಂಡ ಕೂಡಲೇ ಬಯಲಿನ ತುಂಬ ಔಡಲೆಣ್ಣೆ ಸುಟ್ಟ ವಾಸನೆ ಹರಡಿತು. ನನ್ನ ವಯಸ್ಸಿನವರಿಗೆ ಆ ವಾಸನೆ ಬಾಲ್ಯದ ಬೆಳಗುಗಳನ್ನು, ಅಮ್ಮ ಬಲವಂತವಾಗಿ ಕುಡಿಸುತ್ತಿದ್ದ ಬಟ್ಟಲನ್ನು ನೆನಪಿಗೆ ತರುತ್ತದೆ, ಇರಲಿ.

ವಿಮಾನ ಓಡಿತು, ಎದ್ದಿತು, ಎಡಕ್ಕೆ ಒಂದು ಸುತ್ತು ಹಾಕಿತು. ಎರಡನೆಯ ಸುತ್ತಿನಲ್ಲಿ ಒಮ್ಮೆಗೇ ಸದ್ದಿನ ಧಾಟಿ ಬದಲಾಯಿತು. ಇಂಜಿನು ತನ್ನ ಪಂಖದ ಸಮೇತ ಮೂತಿಯಿಂದ ಕಿತ್ತು ಒಂಟಿಯಾಗಿ ಮುಂದೆ ಹಾರಿ ಹೊಲದಲ್ಲಿ ಬಿದ್ದಿತು. ಮೂತಿಯ ಭಾರ ಕಳೆದುಕೊಂಡ ವಿಮಾನವು ಬಾಲ ತಗ್ಗಿಸಿ, ಮೂಗು ಆಕಾಶಕ್ಕೆ ಎತ್ತಿ, ಪಲ್ಟಿ ಹೊಡೆದು ತೊಗರಿಯ ಕೂಳೆಗಳ ನಡುವೆ ಪುಡಿಯಾಯಿತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಸಮಾಧಾನ. ಹುಡುಗ ಅಳಲಿಲ್ಲ. ಚೂರುಗಳನ್ನೆಲ್ಲ ಆಯ್ದು ಅಕ್ಕಿಯ ಚೀಲಕ್ಕೆ ತುಂಬಿಕೊಂಡ.

ಓದುಗರಲ್ಲಿ ಹಲವರಿಗೆ ಈ ಹವ್ಯಾಸ ಹೊಸತಾಗಿ ತೋರಬಹುದು. ಆದರೆ ಇದು ಮಕ್ಕಳಾಟಿಕೆಯಲ್ಲ. ಮನುಷ್ಯನನ್ನು ಹೊತ್ತ ವಿಮಾನಕ್ಕಿಂತ ಮಾದರಿ ವಿಮಾನವೇ ಹಿರಿದು. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬ ತರುಣನು ರಬ್ಬರಿನ ಎಳೆಯನ್ನು ಹೆಣೆದು, ಅದರ ಬಿಚ್ಚುವ ಬಲದಿಂದ ಪಂಖ ತಿರುಗಿಸಿ, ಪ್ಯಾರಿಸಿನ ಉದ್ಯಾನವೊಂದರಲ್ಲಿ ಪುಟ್ಟ ವಿಮಾನವನ್ನು ಹಾರಿಸಿ ತೋರಿಸಿದ. ಅವನ ಮಾದರಿಯ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳೇ ಮುಂದೆ 1903ರಲ್ಲಿ ಹಾರಿದ ರೈಟ್ ಸಹೋದರರು. ತಂತಿಯಿಲ್ಲದೆ ದೂರದಿಂದ ಯಂತ್ರವನ್ನು ನಡೆಸುವ ವಿದ್ಯೆಯನ್ನು 1898ರಲ್ಲಿ ನಿಕೋಲ ಟೆಸ್ಲಾ ಒಂದು ದೋಣಿಯ ಮೂಲಕ ಪ್ರದರ್ಶಿಸಿದ. ಇವೆರಡೂ ಸೇರಿ ರೇಡಿಯೋ ನಿಯಂತ್ರಣದ ಮಾದರಿ ವಿಮಾನವಾದದ್ದು 1930ರ ದಶಕದ ಕೊನೆಯ ಭಾಗದಲ್ಲಿ, ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರ ಕೈಯಲ್ಲಿ.

ಅಂದು ಸಂಜೆ ಮನೆಯ ಪಡಸಾಲೆಯಲ್ಲಿ ಪಂಚಾಯಿತಿ ನೆರೆಯಿತು. ಇಂಜಿನು ಮಾರಿದ ಅಂಗಡಿಯವನೇ ಮೋಸಮಾಡಿದ್ದಾನೆಂದು ಹುಡುಗನ ಅಪ್ಪ ಹೇಳಿದ. ಯಾರದೋ ಕಣ್ಣು ಬಿದ್ದಿದೆಯೆಂದು ಅಜ್ಜಿ ಹೇಳಿದಳು. ಹುಡುಗ ಮಾತ್ರ ಚೀಲದಿಂದ ಮೂತಿಯ ತುಂಡನ್ನು ತೆಗೆದು ದೀಪಕ್ಕೆ ಹಿಡಿದು ನೋಡಿ, “ಅಂಗಡಿಯವಂದು ಏನೂ ತಪ್ಪಿಲ್ಲ. ನಾ ಕೂಡಿಸಿದ್ದೇ ಸರಿ ಇಲ್ಲ” ಎಂದ. ಅನಂತರ ನನ್ನ ಕಡೆಗೆ ತಿರುಗಿ ಕೇಳಿದ: “ಮುತ್ಯಾ, ನೀವು ಭಾಷಣದಾಗ ಹೇಳ್ತಿದ್ದಿರಲ್ಲ, ಆ ಸಂಸ್ಕೃತದ ವಿಮಾನದ ಪುಸ್ತಕ? ಅದರಾಗ ಇಂಜಿನ್ ಹ್ಯಾಂಗ ಕೂಡಿಸಬೇಕು ಅಂತ ಬರದದೇನ್ರಿ?”

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅವನು ನಿಜವಾಗಿಯೇ ಕೇಳಿದ್ದ. ನನಗೆ ಉತ್ತರ ಬರಲಿಲ್ಲ.

ಇಲ್ಲಿ ನಾನು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗಿದೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ನ್ಯಾಯ, ಅಲಂಕಾರಗಳನ್ನು ಓದಿ ಹೊರಬಂದ ಹೊಸತರಲ್ಲಿ ನನ್ನ ಕೈಗೆ ‘ವೈಮಾನಿಕ ಶಾಸ್ತ್ರ’ ಎಂಬ ಗ್ರಂಥ ಸಿಕ್ಕಿತ್ತು. ಭರದ್ವಾಜ ಮಹರ್ಷಿಗಳದೆಂದು ಹೇಳಲಾಗುವ ಆ ಗ್ರಂಥದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವರ್ಣನೆಯಿದೆ, ಚಿತ್ರಗಳೂ ಇವೆ. ನಾನು ಅದನ್ನು ಓದಿ ಉಬ್ಬಿಹೋದೆ. ಚಿತ್ತಾಪುರ, ವಾಡಿ, ಚಿಂಚೋಳಿ ಸೀಮೆಯ ಜಾತ್ರೆ, ಪುರಾಣ, ಉಪನ್ಯಾಸಗಳಲ್ಲಿ ವರ್ಷಗಟ್ಟಲೆ ಅದನ್ನೇ ಸಾರಿದೆ. ರೈಟ್ ಸಹೋದರರಿಗಿಂತ ಸಾವಿರಾರು ವರ್ಷ ಮೊದಲೇ ನಮ್ಮವರು ಹಾರಿದ್ದರೆಂದು ಹೇಳಿದಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ಚಪ್ಪಾಳೆ ಬೀಳುವ ಮಾತನ್ನು ಪರಿಶೀಲಿಸುವ ಗೊಡವೆಗೆ ಉಪನ್ಯಾಸಕನು ಸಾಮಾನ್ಯವಾಗಿ ಹೋಗುವುದಿಲ್ಲ.

ನಿಜ ಸಂಗತಿ ಏನೆಂದರೆ, ಆ ಗ್ರಂಥವು ಬೆಂಗಳೂರಿನ ಹತ್ತಿರದ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ 1918ರಿಂದ 1923ರ ಅವಧಿಯಲ್ಲಿ ಹೊರಬಂದದ್ದು. ವೆಂಕಟಾಚಲ ಶರ್ಮರು ಅದನ್ನು ಬರೆದುಕೊಂಡರು. 1973ರಲ್ಲಿ ಮೈಸೂರಿನ ಜಿ.ಆರ್. ಜೋಸ್ಯರ್ ಅವರು ಅದನ್ನು ಇಂಗ್ಲಿಷ್ ಅನುವಾದ ಸಹಿತ ಪ್ರಕಟಿಸಿದರು. ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು, ಅಂದರೆ ಮುಕುಂದ, ದೇಶಪಾಂಡೆ, ನಾಗೇಂದ್ರ, ಪ್ರಭು, ಗೋವಿಂದರಾಜು ಅವರು, ಆ ಗ್ರಂಥವನ್ನು ಪಂಕ್ತಿ ಪಂಕ್ತಿಯಾಗಿ ಪರೀಕ್ಷಿಸಿ ಪ್ರಬಂಧ ಬರೆದರು. ಅದರ ಭಾಷೆ ವೈದಿಕ ಸಂಸ್ಕೃತವಲ್ಲ, ಈಚಿನದು. ರಚನೆ 1904ಕ್ಕಿಂತ ಹಿಂದಿನದಲ್ಲ. ಅಲ್ಲಿ ಬಣ್ಣಿಸಿದ ವಿಮಾನಗಳಲ್ಲಿ ಯಾವುದೂ ಹಾರಲಾರದು ಎಂಬುದು ಅವರ ನಿರ್ಣಯ. ಪರಂಪರೆಯನ್ನು ಹಳಿಯಲೆಂದೇ ಹೊರಟ ಮಂದಿ ಅವರೆಂದು ಹೇಳುವಂತಿಲ್ಲ, ಅವರಲ್ಲೊಬ್ಬರಾದ ಎಚ್.ಆರ್. ನಾಗೇಂದ್ರ ಅವರು ಮುಂದೆ ಯೋಗವಿದ್ಯೆಯ ಕ್ಷೇತ್ರದಲ್ಲೇ ದೇಶಪ್ರಸಿದ್ಧರಾದರು. ಈ ಪ್ರಬಂಧ ನನ್ನ ಕಣ್ಣಿಗೆ ಬಿದ್ದದ್ದು ಅದು ಪ್ರಕಟವಾಗಿ ಹಲವು ವರ್ಷಗಳ ಮೇಲೆ. ಓದಿದ ಮೇಲೆ ನಾನು ಆ ಉಪನ್ಯಾಸವನ್ನು ನಿಲ್ಲಿಸಿದೆ. ಆದರೆ ಹಿಂದೆ ಆಡಿದ್ದು ತಪ್ಪೆಂದು ಎಲ್ಲಿಯೂ ಹೇಳಲಿಲ್ಲ. ವ್ಯಾಕರಣ ಓದಿದವನಿಗೆ ಆ ಶ್ಲೋಕಗಳ ಹೊಸತನ ಮೊದಲ ಓದಿಗೇ ಹೊಳೆಯಬೇಕಿತ್ತು ಎಂಬ ನಾಚಿಕೆಯೂ ಈ ಮೌನಕ್ಕೆ ಕಾರಣವಾಗಿತ್ತು.

“ಅದರಾಗ ಇಲ್ಲಪ್ಪ” ಎಂದೆ ಹುಡುಗನಿಗೆ. “ಆ ಪುಸ್ತಕ ನಾ ತಿಳಕೊಂಡಷ್ಟು ಹಳೇದೂ ಅಲ್ಲ, ಅದರಾಗಿನ ವಿಮಾನ ಹಾರೂದೂ ಇಲ್ಲ. ನಾ ಹೇಳಿದ್ದು ತಪ್ಪು.” ಅವನು ಒಂದು ಗಳಿಗೆ ನನ್ನ ಮುಖ ನೋಡಿ, “ಹಂಗಾದ್ರ ನೀವೂ ನನ್ನ ಸಂಗಾಟ ಕೂಡ್ರಿ” ಎಂದ. ಹೀಗೆ ನಾನು ಅರವತ್ತು ದಾಟಿದ ಮೇಲೆ ಒಂದು ಹೊಸ ಪಾಠಶಾಲೆಗೆ ಸೇರಿದೆ.

ಆ ಪಾಠಶಾಲೆಯಲ್ಲಿ ಕಲಿತದ್ದನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ. ಮನೆಯಲ್ಲಿ ಇಂಥ ಹುಚ್ಚಿನ ಮಕ್ಕಳಿರುವ ತಂದೆತಾಯಿಗಳಿಗೆ ಉಪಯೋಗವಾದೀತು.

ವಿಮಾನದ ಒಡಲನ್ನು ಕಟ್ಟುವುದು ಬಾಲ್ಸಾ ಎಂಬ ಮರದಿಂದ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶ ಇದಕ್ಕೆ ಹೆಸರುವಾಸಿ. ನಮ್ಮಲ್ಲಿ ಮದುವೆಯ ಬಾಸಿಂಗಕ್ಕೆ ಬಳಸುವ ಬೆಂಡನ್ನು ನೀವು ಮುಟ್ಟಿ ನೋಡಿದ್ದರೆ ಬಾಲ್ಸಾದ ಹಗುರತನ ಊಹೆಗೆ ನಿಲುಕುತ್ತದೆ. ಸಾಗವಾನಿಯ ಕಾಲುಭಾಗದಷ್ಟೂ ತೂಗುವುದಿಲ್ಲ, ಆದರೆ ಬೆಂಡಿನಂತೆ ಮುರುಟುವುದಿಲ್ಲ, ತನ್ನ ತೂಕಕ್ಕೆ ಮೀರಿದ ಗಟ್ಟಿತನವುಳ್ಳದ್ದು. ಇಂಥ ಮೆದು ಮರದ ಒಡಲಿಗೆ ಸೈಲೆನ್ಸರ್ ಸಹಿತ ನಾನೂರು ಗ್ರಾಂ ಆಸುಪಾಸಿನ, ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗುವ ಲೋಹದ ಯಂತ್ರವನ್ನು ಕೂರಿಸಬೇಕು. ಹನ್ನೆರಡು ಸಾವಿರವೆಂದರೆ ಸೆಕೆಂಡಿಗೆ ಇನ್ನೂರು ಸುತ್ತು. ಪ್ರತಿ ಸುತ್ತಿಗೂ ಒಂದು ಸ್ಫೋಟ, ಪ್ರತಿ ಸ್ಫೋಟಕ್ಕೂ ಒಂದು ನಡುಕ. ಎಷ್ಟೇ ಬಿಗಿದ ನಟ್ಟನ್ನೂ ಆ ನಡುಕ ಸಡಿಲಿಸಬಲ್ಲದು.

ಇಂಜಿನು ಕೂರುವ ಅಡ್ಡಹಲಗೆಗೆ ಫೈರ್‌ವಾಲ್ ಎಂದು ಹೆಸರು. ನಮ್ಮ ಹುಡುಗ ಮಾಡಿದ ತಪ್ಪು ಮೂರು. ಮೂರು ಮಿಲಿಮೀಟರಿನ ತೆಳು ಪ್ಲೈವುಡ್ ಹಾಕಿದ್ದ. ಅದನ್ನು ಒಡಲಿನ ಅಂಚಿಗೆ ಬರಿದೇ ಅಂಟಿನಿಂದ ತಾಗಿಸಿ ನಿಲ್ಲಿಸಿದ್ದ. ಇಂಜಿನಿನ ತೊಟ್ಟಿಲನ್ನು ಮರದ ಸ್ಕ್ರೂಗಳಿಂದ ಹೊಡೆದಿದ್ದ. ಇದರ ಮೇಲೆ, ಪರೀಕ್ಷೆಗೆಂದು ಮನೆಯ ಹಿತ್ತಿಲಲ್ಲಿ ಹಲವು ಸಲ ಇಂಜಿನು ಓಡಿಸಿದಾಗ ಚಿಮ್ಮಿದ ಎಣ್ಣೆಯು ಹಲಗೆಯ ಸಂದಿಗೆ ಇಳಿದು ಅಂಟನ್ನು ಸಡಿಲಿಸಿತ್ತು. ಈ ಇಂಜಿನಿನ ಇಂಧನ ಪೆಟ್ರೋಲಲ್ಲ. ಮುಖ್ಯವಾಗಿ ಮೆಥನಾಲ್, ಐದನೆಯ ಒಂದು ಪಾಲಿನಷ್ಟು ಔಡಲೆಣ್ಣೆ ಅಥವಾ ಅದಕ್ಕೆ ಬದಲಿ ಎಣ್ಣೆ, ಬೇಕೆನಿಸಿದರೆ ಅಲ್ಪ ನೈಟ್ರೋಮೀಥೇನ್. ಎಣ್ಣೆ ಪೂರ್ತಿ ಉರಿಯದೆ ಹೊಗೆಯೊಂದಿಗೆ ಹೊರಬಂದು ಎಲ್ಲವನ್ನೂ ತೋಯಿಸುತ್ತದೆ. ಕಿಡಿ ಹಾರಿಸುವ ಪ್ಲಗ್ಗೂ ಇದರಲ್ಲಿಲ್ಲ. ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿಯನ್ನು ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಕೆಂಪಗೆ ಕಾಯಿಸಿ ಇಂಜಿನು ಹೊತ್ತಿಸುತ್ತಾರೆ. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ಮತ್ತು ಪ್ಲಾಟಿನಂಗಳ ಸಂಪರ್ಕದಿಂದಲೇ ಆ ಸುರುಳಿ ಕೆಂಡವಾಗಿಯೇ ಉಳಿಯುತ್ತದೆ. 1947ರಿಂದ ಬಳಕೆಗೆ ಬಂದ ಈ ಉಪಾಯ ನನಗೆ ಬಹಳ ಹಿಡಿಸಿತು. ಮಠದ ಒಲೆಯಲ್ಲಿ ರಾತ್ರಿ ಬೂದಿ ಮುಚ್ಚಿಟ್ಟ ಕೆಂಡದಿಂದ ಬೆಳಗಿನ ಬೆಂಕಿ ಹೊತ್ತಿಸುತ್ತಿದ್ದುದು ನೆನಪಾಯಿತು.

ತಿದ್ದುಪಡಿಗೆ ನಮಗೆ ನೆರವಾದವರು ಶಹಾಬಾದಿನ ಒಬ್ಬ ಹಿರಿಯ ಬಡಿಗೇರರು. ವಿಮಾನವನ್ನು ಹತ್ತಿರದಿಂದ ನೋಡದ ಆ ಮನುಷ್ಯ ಮುರಿದ ಮೂತಿಯನ್ನು ತಿರುಗಿಸಿ ನೋಡಿ, “ಚೌಕಟ್ಟಿಗೆ ಗಾಡಿ ಹೊಡೀದೆ ಬಾಗಿಲ ನಿಲ್ಲಸತಾರೇನು?” ಎಂದರು. ಅವರ ಮಾತಿನಂತೆ ಆರು ಮಿಲಿಮೀಟರಿನ ಗಟ್ಟಿ ಪ್ಲೈವುಡ್ ತಂದು, ಒಡಲಿನ ಪಕ್ಕದ ಹಲಗೆಗಳಲ್ಲಿ ಗಾಡಿ ಕೊರೆದು, ಅದರೊಳಗೆ ಕೂರಿಸಿ, ಹಿಂದಿನ ನಾಲ್ಕೂ ಮೂಲೆಗಳಿಗೆ ತ್ರಿಕೋನ ಪಟ್ಟಿಗಳನ್ನು ಇಟ್ಟು ಎಪಾಕ್ಸಿಯಿಂದ ಬಿಗಿದೆವು. ಸ್ಕ್ರೂಗಳ ಬದಲು ನಾಲ್ಕು ಬೋಲ್ಟು; ಹಲಗೆಯ ಹಿಂಬದಿಗೆ ಹಲ್ಲು ಕಚ್ಚುವ ಟೀ-ನಟ್ಟು. ಮುಂದೆ, ಹಿಂದೆ, ಬೋಲ್ಟಿನ ರಂಧ್ರದ ಒಳಗೂ ಎಪಾಕ್ಸಿ ಬಳಿದದ್ದರಿಂದ ಇನ್ನು ಎಣ್ಣೆಗೆ ಒಳಹೋಗುವ ದಾರಿಯಿಲ್ಲ.

ಇಂಜಿನನ್ನು ನೇರವಾಗಿ ಕೂರಿಸಬಾರದು ಎಂಬುದು ನನಗೆ ಅತ್ಯಂತ ಸೋಜಿಗವೆನಿಸಿದ ಸಂಗತಿ. ನೇರವಾದ ವಸ್ತುವಿಗೆ ನೇರವಾದ ಇಂಜಿನು ಎಂಬುದು ಲೋಕರೂಢಿಯ ತರ್ಕ. ಆದರೆ ಹಿಂದಿನಿಂದ ನೋಡಿದಾಗ ಪಂಖವು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಅದರ ಪ್ರತಿಕ್ರಿಯೆಯಾಗಿ ಒಡಲು ಎಡಕ್ಕೆ ಹೊರಳಲೆಳಸುತ್ತದೆ. ಸಾಲದ್ದಕ್ಕೆ ಪಂಖ ಎಸೆದ ಗಾಳಿಯು ಸುರುಳಿ ಸುತ್ತಿ ಬಂದು ಬಾಲದ ಚುಕ್ಕಾಣಿಯ ಎಡಮಗ್ಗುಲಿಗೆ ಬಡಿದು ಮೂಗನ್ನು ಎಡಕ್ಕೆ ತಿರುಗಿಸುತ್ತದೆ. ಆದಕಾರಣ ಇಂಜಿನಿನ ಮುಖವನ್ನು ಎರಡು ಮೂರು ಡಿಗ್ರಿ ಬಲಕ್ಕೆ ಓರೆಯಾಗಿಸಬೇಕು. ರೆಕ್ಕೆ ಒಡಲಿನ ಮೇಲಿರುವ ಕಲಿಕೆಯ ವಿಮಾನಗಳಲ್ಲಿ, ಇಂಜಿನಿನ ಬಲ ಹೆಚ್ಚಿಸಿದೊಡನೆ ಮೂಗು ಮೇಲಕ್ಕೇಳುವ ಚಾಳಿಯಿರುವುದರಿಂದ ಅಷ್ಟೇ ಪ್ರಮಾಣದಲ್ಲಿ ಕೆಳಕ್ಕೂ ಬಾಗಿಸಬೇಕು. ಬೋಲ್ಟುಗಳ ನಡುವಣ ಅಂತರ ನಲವತ್ತು ಮಿಲಿಮೀಟರಿದ್ದರೆ ಎರಡು ಡಿಗ್ರಿಗೆ ಬೇಕಾದ ಎತ್ತರ 1.4 ಮಿಲಿಮೀಟರು, ಅಂದರೆ ಎರಡು ತೆಳು ವಾಷರು. ಮೊದಲ ವಿಮಾನ ಹೊಲದಲ್ಲಿ ಎಡಕ್ಕೇ ಏಕೆ ತಿರುಗಿತ್ತೆಂಬುದು ನನಗೆ ಆಗ ತಿಳಿಯಿತು. ನಾವೆಲ್ಲ ಅದನ್ನು ಹುಡುಗನ ಚಾತುರ್ಯವೆಂದು ಭಾವಿಸಿದ್ದೆವು.

ಗುರುತ್ವಕೇಂದ್ರದ ಲೆಕ್ಕವನ್ನು ಅವನು ನನ್ನ ಹಳೆಯ ಪಾಟಿಯ ಮೇಲೆ ಬರೆದು ತೋರಿಸಿದ. ರೆಕ್ಕೆಯ ಅಗಲ 280 ಮಿಲಿಮೀಟರು. ವಿಮಾನದ ತೂಕದ ಕೇಂದ್ರವು ರೆಕ್ಕೆಯ ಮುಂಚೂಣಿಯಿಂದ ಆ ಅಗಲದ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಭಾಗದೊಳಗೆ ಇರಬೇಕು, ಇವನದು 84ರಲ್ಲಿತ್ತು. ಅಲ್ಲಿಂದ 300 ಮಿಲಿಮೀಟರು ಮುಂದಿದ್ದ 400 ಗ್ರಾಂ ಇಂಜಿನು ಉದುರಿದಾಗ ಉಳಿದ 2,100 ಗ್ರಾಂ ಒಡಲಿನ ಕೇಂದ್ರವು 57 ಮಿಲಿಮೀಟರು ಹಿಂದೆ ಸರಿದು 141ಕ್ಕೆ, ಎಂದರೆ ರೆಕ್ಕೆಯ ನಟ್ಟನಡುವಿಗೆ ಬಂತು. “ಅಲ್ಲಿಗೆ ಬಂದ ಮ್ಯಾಲ ಯಾರ ಕೈಯಾಗ ರಿಮೋಟ್ ಇದ್ರೂ ಅಷ್ಟೇ ಮುತ್ಯಾ” ಎಂದ. ಅಜ್ಜಿಯ ಕಣ್ಣುದೃಷ್ಟಿಯ ವಾದ ಅಲ್ಲಿಗೆ ಮುಗಿಯಿತು. ಆದರೂ ಆಕೆ ಎರಡನೆಯ ವಿಮಾನಕ್ಕೆ ನಿಂಬೆಹಣ್ಣು ಕಟ್ಟಲು ಬಂದಳು. ಅದರ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆಂದು ಹುಡುಗ ಬೇಡಿಕೊಂಡ ಮೇಲೆ ಬಿಟ್ಟಳು.

ಇಂಧನದ ಟ್ಯಾಂಕು ಕಾರ್ಬುರೇಟರಿನ ಮಟ್ಟಕ್ಕೆ ಸರಿಯಾಗಿ ಅಥವಾ ತುಸು ಕೆಳಗಿರಬೇಕು, ನೊರೆಯೇಳದಂತೆ ಸ್ಪಂಜು ಸುತ್ತಿರಬೇಕು. ಈಗಿನ ಬಹಳ ಹುಡುಗರು ಈ ರಗಳೆಯೇ ಬೇಡವೆಂದು ಲಿಥಿಯಂ ಬ್ಯಾಟರಿ ಮತ್ತು ವಿದ್ಯುತ್ ಮೋಟಾರು ಬಳಸುತ್ತಾರೆ, ಎಣ್ಣೆಯಿಲ್ಲ, ವಾಸನೆಯಿಲ್ಲ. ಆದರೆ ಅಡ್ಡಹಲಗೆ, ಬೋಲ್ಟು, ಓರೆ, ತೂಕದ ಕೇಂದ್ರ ಇವು ಯಾವುವೂ ಬದಲಾಗುವುದಿಲ್ಲ. ತಿರುಗುವ ಪಂಖದ ಮುಂದೆ ಅಥವಾ ಪಕ್ಕದಲ್ಲಿ ನಿಲ್ಲಬಾರದೆಂಬ ನಿಯಮವಂತೂ ಎರಡಕ್ಕೂ ಒಂದೇ. ಹತ್ತು ಇಂಚಿನ ಪಂಖ ಬೆರಳನ್ನು ಉಳಿಸುವುದಿಲ್ಲ.

ಒಡಲು ಎಷ್ಟು ಚೆನ್ನಾಗಿದ್ದರೂ ಇಂಜಿನು ಒಗ್ಗದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ದೃಷ್ಟಾಂತವಿದೆ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ‘ಮಾರುತ’ ಯುದ್ಧವಿಮಾನವನ್ನು ರೂಪಿಸುವಾಗ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿದರು. ಅದಕ್ಕೆ ಇಂಜಿನೇ ಇಲ್ಲ! 1959ರಲ್ಲಿ ಅದನ್ನು ಡಕೋಟಾ ವಿಮಾನಕ್ಕೆ ಹಗ್ಗದಿಂದ ಕಟ್ಟಿ ಎಳೆದು ಮೇಲಕ್ಕೊಯ್ದು ಬಿಟ್ಟು, ಒಡಲಿನ ಗುಣವನ್ನು ಪರೀಕ್ಷಿಸಿದರು. ನಿಜವಾದ ಮಾರುತ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಹಾರಿತು. ಒಡಲು ಸದ್ದಿನ ವೇಗವನ್ನು ಮೀರಿ ಹಾರಲು ತಕ್ಕುದಾಗಿತ್ತು. ಆದರೆ ಅದಕ್ಕೆ ಉದ್ದೇಶಿಸಿದ ಬಲವಾದ ಇಂಜಿನು ಕೊನೆಗೂ ದೊರೆಯದೆ, ಆರ್ಫಿಯಸ್ ಎಂಬ ಕಡಿಮೆ ಬಲದ ಜೋಡಿ ಇಂಜಿನುಗಳಲ್ಲೇ ಅದು ತನ್ನ ಆಯುಷ್ಯ ಕಳೆಯಿತು. ಬೆಂಗಳೂರಿಗೆ ಹೋದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತವನ್ನು ಕಾಣಬಹುದು. ಅದೇ ಬೆಂಗಳೂರಿನ ರಕ್ಷಣಾ ಸಂಶೋಧನಾಲಯದಲ್ಲಿ ರೂಪುಗೊಂಡ ‘ಲಕ್ಷ್ಯ’ ಎಂಬ ಚಾಲಕರಹಿತ ವಿಮಾನ, ನೆಲದಿಂದ ರೇಡಿಯೋ ಆಜ್ಞೆಯಲ್ಲಿ ನಡೆಯುವಂಥದು, ನಮ್ಮ ಹುಡುಗನ ಆಟಿಕೆಯ ಹಿರಿಯಣ್ಣನೆಂದೇ ಹೇಳಬೇಕು.

ಇನ್ನು ಸ್ಥಳದ ಮಾತು. ನಮ್ಮ ಸೀಮೆ ಬಯಲು ಸೀಮೆಯೇನೋ ಹೌದು. ಆದರೆ ಎರೆಭೂಮಿ ಬಿರುಕು ಬಿಟ್ಟಾಗ ಪುಟ್ಟ ಗಾಲಿಗಳು ಸಿಕ್ಕಿಬೀಳುತ್ತವೆ. ವಾಡಿ, ಶಹಾಬಾದ, ಮಳಖೇಡಗಳ ಕಡೆ ಸಿಮೆಂಟು ಕಾರ್ಖಾನೆಗಳಿಗೆ ಹೋಗುವ ವಿದ್ಯುತ್ತಿನ ಎತ್ತರದ ತಂತಿಗಳಿವೆ, ರೈಲುಮಾರ್ಗವಿದೆ. ಚಿಂಚೋಳಿಯ ಕಾಡು ವನ್ಯಜೀವಿಧಾಮ. ಅಲ್ಲಿ ಈ ಸದ್ದು ಸಲ್ಲದು. ಹಾಳುಬಿದ್ದ ಕಲ್ಲುಗಣಿಯ ಹಾಸುಬಂಡೆಯ ಬಯಲು ಒಳ್ಳೆಯದಾದರೂ ನೀರು ತುಂಬಿದ ಹೊಂಡಗಳ ಭಯವಿದೆ. ಕೊನೆಗೆ ಊರಿಂದ ದೂರದ ಒಂದು ಗಟ್ಟಿ ಮೊರಡಿ ನೆಲವನ್ನು ಅದರ ಒಡೆಯರ ಅಪ್ಪಣೆ ಪಡೆದು ಆರಿಸಿಕೊಂಡೆವು. ಸರಕಾರದ ನಿಯಮವೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ವಿದ್ಯಾಭ್ಯಾಸ, ಸಂಶೋಧನೆ, ಮನರಂಜನೆಗಳಿಗಾಗಿ ಕಣ್ಣಳತೆಯೊಳಗೆ ಹಾರಿಸುವ, ಇಪ್ಪತ್ತೈದು ಕಿಲೋ ಮೀರದ ಯಂತ್ರವು ಮಾದರಿ ವಿಮಾನವೆನಿಸುತ್ತದೆ. ಹಸಿರು ವಲಯದಲ್ಲಿ 400 ಅಡಿಯೊಳಗೆ ಹಾರಿಸಬಹುದು. ವಿಮಾನ ನಿಲ್ದಾಣದಿಂದ ಎಂಟರಿಂದ ಹನ್ನೆರಡು ಕಿಲೋಮೀಟರಿನ ಪಟ್ಟಿಯಲ್ಲಾದರೆ 200 ಅಡಿ ಮಾತ್ರ. 2019ರ ನವೆಂಬರಿನಿಂದ ಕಲಬುರಗಿಯಲ್ಲೂ ವಿಮಾನ ನಿಲ್ದಾಣ ತೆರೆದಿರುವುದರಿಂದ ನಗರದ ಸುತ್ತಲಿನವರು ಇದನ್ನು ಗಮನಿಸಲೇಬೇಕು. ವಲಯಗಳ ನಕ್ಷೆ ಸರಕಾರದ ‘ಡಿಜಿಟಲ್ ಸ್ಕೈ’ ತಾಣದಲ್ಲಿ ದೊರೆಯುತ್ತದೆ.

ಹೋಳಿ ಹುಣ್ಣಿಮೆಗೆ ಮುಂಚಿನ ಒಂದು ಮುಂಜಾನೆ, ಗಾಳಿ ಇನ್ನೂ ಏಳದ ಹೊತ್ತಿನಲ್ಲಿ, ಎರಡನೆಯ ವಿಮಾನ ಎದ್ದಿತು. ಅದಕ್ಕೆ ಮುಂಚೆ ಹುಡುಗ ಮೂವತ್ತು ಹೆಜ್ಜೆ ದೂರ ನಡೆದು ರೇಡಿಯೋ ಪರೀಕ್ಷಿಸಿದ, ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎಂಟು ನಿಮಿಷ ಹಾರಿತು. ಈ ಸಲ ಬಲಕ್ಕೂ ತಿರುಗಿತು. ಇಳಿಯುವಾಗ ಒಂದು ಗಾಲಿ ಬಾಗಿದ್ದು ಬಿಟ್ಟರೆ ಅದಕ್ಕೆ ಏನೂ ಆಗಲಿಲ್ಲ.

ಆ ಬಳಿಕ ಬಸವಜಯಂತಿಯ ನಿಮಿತ್ತ ಚಿಂಚೋಳಿ ತಾಲೂಕಿನ ಒಂದು ಗ್ರಾಮದಲ್ಲಿ ನನ್ನ ಉಪನ್ಯಾಸವಿತ್ತು. ಎಷ್ಟೋ ವರ್ಷಗಳ ಹಿಂದೆ ಅದೇ ಕಟ್ಟೆಯ ಮೇಲೆ ನಿಂತು ನಾನು ವಿಮಾನದ ಗ್ರಂಥವನ್ನು ಹೊಗಳಿದ್ದೆ. ನಿಗದಿತ ವಿಷಯ ಮುಗಿದ ಮೇಲೆ, ಅಂದು ನಾನು ಹೇಳಿದ್ದು ಸತ್ಯವಲ್ಲವೆಂದು, ಆನೇಕಲ್ಲಿನ ಸಂಗತಿಯನ್ನೂ 1974ರ ಪ್ರಬಂಧವನ್ನೂ ವಿವರಿಸಿ, ಸಭೆಯ ಕ್ಷಮೆ ಕೇಳಿದೆ. ಸಭೆ ಸುಮ್ಮನಾಯಿತು. ಒಬ್ಬ ಯುವಕ ಎದ್ದು ನಿಂತು, ಇದರಿಂದ ನಮ್ಮ ಹಿರಿಯರಿಗೆ ಅವಮಾನವಾಗಲಿಲ್ಲವೇ ಎಂದು ಸಿಟ್ಟಿನಿಂದಲೇ ಕೇಳಿದ. ಹಿರಿಯರು ಬರೆಯದ ಪುಸ್ತಕವನ್ನು ಅವರ ಹೆಸರಿಗೆ ಹಚ್ಚಿದ್ದೇ ಅವಮಾನವೆಂದು ನನಗೆ ತಿಳಿದಂತೆ ಉತ್ತರಿಸಿದೆ. ಅವನಿಗೆ ಪೂರ್ಣ ಸಮಾಧಾನವಾದಂತೆ ಕಾಣಲಿಲ್ಲ. ಕಟ್ಟೆಯಿಂದ ಇಳಿಯುವಾಗ ಕೋಲೂರಿಕೊಂಡ ವೃದ್ಧರೊಬ್ಬರು ಕೈಹಿಡಿದು, “ಆವತ್ತ ನಾನೂ ಚಪ್ಪಾಳಿ ಹೊಡದಿದ್ದೆ ನೋಡ್ರಿ. ನಿಮ್ಮ ಹುಡಗನ ವಿಮಾನ ನಮ್ಮ ಊರಾಗೊಮ್ಮಿ ಹಾರಸ್ರಿ, ಬಾಕಿ ತೀರಸತೀನಿ” ಎಂದರು. ಹುಡುಗನಿಗೆ ತಿಳಿಸಿದ್ದೇನೆ. ಆ ಊರು ಕಾಡಂಚಿನಿಂದ ಎಷ್ಟು ದೂರವೆಂದು ಅವನು ನಕ್ಷೆ ನೋಡುತ್ತಿದ್ದಾನೆ.